ಮುಂದಿನ ಚಕ್ರಕ್ಕೆ ಕೆಂಪು ದೀಪ

ಮೂಡಬಿದಿರೆ

ವಿದೇಶಕ್ಕೆ ಹೋಗಿ ಬಂದವರು ಊರಿನಲ್ಲಿ ಕೂತು ಅಲ್ಲಿನ ಕಟ್ಟಡಗಳ ಎತ್ತರ ಹೇಳುತ್ತಾರೆ. ನನ್ನಿಂದ ಅದು ಆಗದು. ಎಂಬತ್ತನಾಲ್ಕನೆಯ ಇಸವಿಯ ಡಿಸೆಂಬರಿನಲ್ಲಿ ನಾನು ಬಹರೈನಿಗೆ ಹೋಗಿ ಹದಿನಾರು ದಿನ ಇದ್ದು ಬಂದವನು. ಆದರೆ ತಲೆ ಎತ್ತಿ ಕಟ್ಟಡ ನೋಡುವಷ್ಟು ತ್ರಾಣ ಒಂದು ದಿನವೂ ಇರಲಿಲ್ಲ. ನಾನು ಸರಿಯಾಗಿ ನೋಡಿದ್ದು ಅಲ್ಲಿನ ರಸ್ತೆಯ ಅಂಚನ್ನು ಮಾತ್ರ, ಅದೂ ಒಂದು ಸೈಕಲ್ ಹೋಗುವಷ್ಟು ಅಗಲದ್ದನ್ನು.

ಮೂಡಬಿದಿರೆ ಪೇಟೆಯಲ್ಲಿ ನನ್ನದೊಂದು ಸೈಕಲ್ ಅಂಗಡಿ. ಪಂಕ್ಚರ್ ಹಾಕುವುದು, ಸೊಟ್ಟಗಾದ ರಿಮ್ಮು ಸರಿ ಮಾಡುವುದು, ಬಾಡಿಗೆಗೆ ಕೊಡುವುದು, ಇದು ವರ್ಷವಿಡೀ ಇರುವ ಕೆಲಸ. ಆಯುಧಪೂಜೆ ಬಂದರೆ ಮಾತ್ರ ನನಗೆ ಸ್ವಲ್ಪ ಹೆಸರು. ಟಾರ್ಚಿನ ಸಣ್ಣ ಬಲ್ಬುಗಳಿಗೆ ಉಗುರಿನ ಬಣ್ಣ ಹಚ್ಚಿ ಚಕ್ರದ ಕಡ್ಡಿಗಳಿಗೆ ಕಟ್ಟುತ್ತೇನೆ. ನಡುವಿನ ಹಬ್ಬಿಗೆ, ಕಡ್ಡಿಗಳೆಲ್ಲ ಬಂದು ಸೇರುವಲ್ಲಿ, ಎರಡು ಸೆಲ್ಲನ್ನು ಹಳೆಯ ಟ್ಯೂಬಿನ ರಬ್ಬರಿನಿಂದ ಬಿಗಿದು ವಯರು ಕೊಡುತ್ತೇನೆ. ಚಕ್ರ ತಿರುಗಿದರೆ ಬೆಳಕಿನ ಬಳೆ ತಿರುಗಿದ ಹಾಗೆ ಕಾಣುತ್ತದೆ. ಇದಕ್ಕಾಗಿ ಬಂಟ್ವಾಳದಿಂದ, ಬೆಳ್ತಂಗಡಿಯಿಂದ ಜನ ಸೈಕಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದರು.

ಆ ವರ್ಷ ಆಯುಧಪೂಜೆ ಮುಗಿದು ನಾನು ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಬೆಳುವಾಯಿಯಿಂದ ನನ್ನ ಅಕ್ಕ ಲಲಿತ ಅಂಗಡಿಗೆ ಬಂದಳು. ಅವಳ ಗಂಡ ಆನಂದ ಭಾವ ಬಹರೈನಿನಲ್ಲಿ ಒಂದು ಮೆಸ್ಸಿನಲ್ಲಿ ಅಡುಗೆಯವರು. "ಸೈಕಲಿನಿಂದ ಜಾರಿ ಬಿದ್ದೆ, ಕೈಗೆ ಸಣ್ಣ ಪೆಟ್ಟು" ಎಂದು ಅವರು ಕಾಗದ ಬರೆದಿದ್ದರು. ರಜೆಯಲ್ಲಿ ಬಂದ ಒಬ್ಬರು ನಿಜ ಹೇಳಿಬಿಟ್ಟರು. ಕತ್ತಲೆಯಲ್ಲಿ ಹಿಂದಿನಿಂದ ಬಂದ ಕಾರು ಭಾವನನ್ನು ಎತ್ತಿ ಬಿಸಾಡಿತ್ತು. ಎಡಗೈ ಎರಡು ಕಡೆ ಮುರಿದಿತ್ತು.

"ಸಂಜೀವ, ನೀನು ಹೋಗಿ ಅವರನ್ನು ಕರ್ಕೊಂಡು ಬಾ" ಎಂದಳು ಅಕ್ಕ.

"ನಾನು ಹೇಳಿದ್ರೆ ಅವರು ಕೇಳ್ತಾರಾ? ನಾನು ಸಣ್ಣವ. ಭಾವನಿಗೆ ಬುದ್ಧಿ ಹೇಳುವ ಜನ ನಾನಲ್ಲ ಅಕ್ಕ."

"ಬುದ್ಧಿ ಹೇಳುವುದು ಬೇಡ. ಕೈ ಹಿಡ್ಕೊಂಡು ವಿಮಾನಕ್ಕೆ ಹತ್ತಿಸು. ಇನ್ನೊಂದು ಸಲ ಹಾಗೆ ಆದ್ರೆ ನನಗೆ ಬರುವುದು ಕಾಗದ ಅಲ್ಲ, ಪೆಟ್ಟಿಗೆ."

ಇಷ್ಟು ಹೇಳಿ ಅವಳು ನನ್ನ ಅಂಗಡಿಯ ಮೆಟ್ಟಿಲಲ್ಲೇ ಕೂತು ಅತ್ತಳು. ಅಕ್ಕ ಅತ್ತದ್ದನ್ನು ಅದಕ್ಕೆ ಮೊದಲು ನಾನು ಕಂಡದ್ದು ಅಪ್ಪ ತೀರಿಹೋದ ದಿನ. ಆಗುವುದಿಲ್ಲ ಎಂದು ಹೇಳುವ ಬಾಯಿ ನನಗೆ ಬರಲಿಲ್ಲ. ಭಾವನ ಮೆಸ್ಸಿನ ಯಜಮಾನರು ಕಾಗದಪತ್ರ ಮಾಡಿಸಿ ಕಳಿಸಿದರು. ನಾನು ಬಟ್ಟೆಯ ಅಡಿಯಲ್ಲಿ ನಲವತ್ತು ಬಲ್ಬು, ಎಂಟು ಸೆಲ್ಲು, ಒಂದು ಸುರುಳಿ ವಯರು ಇಟ್ಟುಕೊಂಡೆ. ಭಾವ ಬರಲಿಕ್ಕಿಲ್ಲ ಎಂದು ನನ್ನ ಮನಸ್ಸು ಆಗಲೇ ಹೇಳುತ್ತಿತ್ತು.

ಬೊಂಬಾಯಿ

ಮಂಗಳೂರಿನಿಂದ ಬೊಂಬಾಯಿಗೆ ಬಸ್ಸಿನಲ್ಲಿ ಹೋದವರಿಗೆ ನನ್ನ ಕಾಲಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಇಳಿದಾಗ ಚಪ್ಪಲಿಯೊಳಗೆ ಪಾದ ಹಿಡಿಸುತ್ತಿರಲಿಲ್ಲ. ಬಾತ ಪಾದ ಎಳೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದರೆ ಅಲ್ಲಿ ನನ್ನ ಪೆಟ್ಟಿಗೆ ತೆರೆದು ನೋಡಿದರು. ಬನಿಯನಿನ ಕೆಳಗೆ ಸೆಲ್ಲು, ಸೆಲ್ಲಿನ ಪಕ್ಕ ವಯರು. ನೋಡಿದ ಪೊಲೀಸ್ ಎರಡು ಹೆಜ್ಜೆ ಹಿಂದೆ ಸರಿದ. ಇನ್ನೂ ನಾಲ್ಕು ಜನ ಬಂದರು.

ನನ್ನ ಹಿಂದಿ ಸಿನಿಮಾ ನೋಡಿ ಕಲಿತದ್ದು. ಸೈಕಲ್, ಚಕ್ರ, ದೀಪ ಎಂದು ಕೈ ತಿರುಗಿಸಿ ತಿರುಗಿಸಿ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ, ನನಗೆ ಬೆವರು. ಕೊನೆಗೆ ಅವರ ಎದುರೇ ನೆಲದಲ್ಲಿ ಕೂತು ಆರು ಬಲ್ಬಿಗೆ ವಯರು ಸುತ್ತಿ ಸೆಲ್ಲಿಗೆ ಮುಟ್ಟಿಸಿದೆ. ಕೆಂಪು, ಹಸುರು, ಹಳದಿ ಹೊತ್ತಿಕೊಂಡಿತು. ಒಬ್ಬ ಅಧಿಕಾರಿ ಮೀಸೆಯಲ್ಲಿ ನಕ್ಕು, "ಮದುವೆಗಾ?" ಎಂದು ಕೇಳಿದ. ಹೌದು ಎಂದೆ. ಆ ಹೊತ್ತಿಗೆ ಯಾರಿಗೆ ಎಂದು ಕೇಳಿದ್ದರೆ ನನಗೇ ಎಂದು ಹೇಳಿಬಿಡುತ್ತಿದ್ದೆ, ಅಷ್ಟು ಸಾಕಾಗಿ ಹೋಗಿತ್ತು.

ಮೊದಲ ಸಂಜೆ

ಭಾವ ವಿಮಾನ ನಿಲ್ದಾಣದ ಹೊರಗೆ ನಿಂತಿದ್ದರು. ಬೆಳ್ಳಗಾದ ತಲೆ, ಪೂರ್ತಿ ನೆಟ್ಟಗಾಗದ ಎಡಗೈ. ನಾನು ಬಾಯಿ ತೆರೆಯುವ ಮೊದಲೇ ಅವರು, "ಕೈಯ ವಿಷಯ ಮಾತಾಡ್ಬೇಡ. ಊಟ ಮಾಡಿದ್ಯಾ?" ಎಂದರು.

ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವೆ. ಇದು ನನಗೆ ಗೊತ್ತಿತ್ತು, ನನ್ನ ಕಾಲಿಗೆ ಗೊತ್ತಿರಲಿಲ್ಲ. ದಾಟುವಾಗ ನಾನು ನೋಡುವುದು ಒಂದು ಕಡೆ, ಕಾರು ಬರುವುದು ಇನ್ನೊಂದು ಕಡೆ. ಮೊದಲ ದಿನವೇ ಎರಡು ಸಲ ಭಾವ ನನ್ನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದರು. ಅವರನ್ನು ಕೈ ಹಿಡಿದು ಕರೆದುಕೊಂಡು ಹೋಗಲು ಬಂದವನ ಗತಿ ಇದು.

ಆ ಊರಿನ ಜನ ಪಾಪದವರು, ಸಾಧು ಸ್ವಭಾವ. ಓಣಿಯ ರೊಟ್ಟಿ ಅಂಗಡಿಯ ಒಲೆಯಿಂದ ಚಾಪೆಯಷ್ಟು ಅಗಲದ ಬಿಸಿ ರೊಟ್ಟಿಗಳನ್ನು ಬರಿಗೈಯಲ್ಲಿ ಹೊತ್ತು, ಬಾಯಲ್ಲಿ ಉಫ್ ಉಫ್ ಎಂದು ಊದುತ್ತಾ ಮನೆಗೆ ಓಡುತ್ತಾರೆ. ಎದುರಿನಿಂದ ಗುರ್ತದವರ ಕಾರು ಬಂದರೆ ಇಬ್ಬರೂ ನಡುರಸ್ತೆಯಲ್ಲಿ ನಿಲ್ಲಿಸಿ, ಗಾಜು ಇಳಿಸಿ, ತಂದೆಯ ಆರೋಗ್ಯದಿಂದ ಹಿಡಿದು ಮೊಮ್ಮಗನ ಆರೋಗ್ಯದವರೆಗೆ ವಿಚಾರಿಸುತ್ತಾರೆ. ಹಿಂದಿನವರು ಹಾರ್ನ್ ಹಾಕದೆ ಕಾಯುತ್ತಾರೆ. ನಮ್ಮ ಕಾರ್ಕಳ ಬಸ್ಸಿನ ಡ್ರೈವರುಗಳು ಬೆಳುವಾಯಿಯಲ್ಲಿ ಇದನ್ನೇ ಮಾಡಿದರೆ ನಾವು ಎಷ್ಟು ಬೈಯುತ್ತೇವೆ! ಆದರೆ ಇದೇ ಜನ ಪೇಟೆ ದಾಟಿ ದೊಡ್ಡ ರಸ್ತೆಗೆ ಬಿದ್ದರೆ ಗುಂಡಿನ ಹಾಗೆ ಹೋಗುತ್ತಾರೆ. ಬದಿಯಲ್ಲಿ ಸೈಕಲ್ ಇದೆ ಎಂದು ಅವರಿಗೆ ಕಾಣಬೇಕಲ್ಲ.

ಐದೂವರೆಗೆ ಕತ್ತಲಾಯಿತು. ಭಾವ ಕಡುನೀಲಿ ಅಂಗಿ ತೊಟ್ಟರು, ದೊಡ್ಡ ಟಿಫಿನ್ ಒಂದನ್ನು ಹ್ಯಾಂಡಲಿಗೆ ತೂಗುಹಾಕಿದರು. ಅವರ ಸೈಕಲಿಗೆ ಒಂದು ಡೈನಮೋ ದೀಪ ಕೂಡ ಇರಲಿಲ್ಲ.

"ಎಲ್ಲಿಗೆ ಭಾವ?"

"ಇಲ್ಲೇ. ಈಗ ಬಂದೆ."

ಬಂದದ್ದು ಎರಡು ಗಂಟೆ ಕಳೆದು. ಟಿಫಿನ್ ಖಾಲಿ.

ಮೂರನೆಯ ದಿನ

ಎರಡು ದಿನ ಇದೇ ನಡೆಯಿತು. ಊರಿಗೆ ಹೋಗುವ ಮಾತು ತೆಗೆದರೆ ಭಾವ ಈರುಳ್ಳಿ ಹೆಚ್ಚುವುದರಲ್ಲಿ ಮುಳುಗುತ್ತಿದ್ದರು. ನಾನು ಸೋತು ಅವರ ಸೈಕಲನ್ನು ತಲೆಕೆಳಗೆ ನಿಲ್ಲಿಸಿ ಬಲ್ಬು ಕಟ್ಟಲು ಕೂತೆ. ಮಧ್ಯಾಹ್ನ ಶುರು ಮಾಡಿದ್ದು ಮುಗಿಯುವಾಗ ಸಂಜೆ. ನಮ್ಮಲ್ಲಿ ಮಾಡುವ ಹಾಗೆಯೇ ಮುಂದಿನ ಚಕ್ರಕ್ಕೆ ಪೂರ್ತಿ ಕೆಂಪು, ಕುಂಕುಮದ ಲೆಕ್ಕದಲ್ಲಿ. ಹಿಂದಿನದಕ್ಕೆ ಬಿಳಿ ಮತ್ತು ಹಳದಿ.

ಕಟ್ಟುತ್ತಾ ನನಗೆ ಒಂದು ಯೋಚನೆ ಬಂತು. ಊರಿನಲ್ಲಿ ಕತ್ತಲೆಗೆ ನಾವು ತೆಂಗಿನ ಗರಿಯ ಸೂಟೆ ಬೀಸಿಕೊಂಡು ನಡೆಯುವುದು ನಮಗೆ ದಾರಿ ಕಾಣಲಿಕ್ಕೆ, ಹಾವು ಕಾಣಲಿಕ್ಕೆ. ಇಲ್ಲಿ ದಾರಿ ಹೇಗೂ ಕಾಣುತ್ತದೆ, ರಸ್ತೆ ಹಪ್ಪಳದ ಹಾಗೆ ಸಪಾಟು. ಇಲ್ಲಿ ನಾವು ಇದ್ದೇವೆ ಎಂದು ಬೇರೆಯವರಿಗೆ ಗೊತ್ತಾಗಲಿಕ್ಕೆ ದೀಪ ಬೇಕು. ಇಷ್ಟು ವರ್ಷ ಚಕ್ರಕ್ಕೆ ದೀಪ ಕಟ್ಟಿಯೂ ಇದು ನನ್ನ ತಲೆಗೆ ಹೋಗಿರಲಿಲ್ಲ.

ಭಾವ ಬಂದು ನೋಡಿದರು. "ಇದೆಂತ ಮಾರಾಯ, ಮದಿಮಾಯ ಹೋಗುವ ಸೈಕಲಾ?" ಎಂದರು.

"ಮದುಮಗ ಅಂತಲೇ ತಿಳ್ಕೊಳ್ಳಿ ಭಾವ. ಕಾರಿನವನ ಕಣ್ಣಿಗೆ ಬಿದ್ರೆ ಸಾಕು."

ಅವರು ಟಿಫಿನ್ ತೂಗುಹಾಕಿ ಹೊರಟರು. ಬಣ್ಣದ ಎರಡು ಬಳೆಗಳು ಓಣಿಯುದ್ದಕ್ಕೆ ತಿರುಗುತ್ತಾ ಹೋದವು. ರೊಟ್ಟಿಯ ಒಲೆಯ ಎದುರು ನಿಂತವರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಬೇಕು. ಭಾವನನ್ನು ಕರೆತರದಿದ್ದರೂ ಅಕ್ಕನಿಗೆ ಒಂದು ಸಮಾಧಾನ ತೆಗೆದುಕೊಂಡು ಹೋಗಬಹುದು ಎಂದುಕೊಂಡೆ.

ಆ ಖುಷಿಯಲ್ಲಿ ರೊಟ್ಟಿ ತರಲು ಓಣಿಯ ತುದಿಯವರೆಗೆ ನಡೆದೆ. ಅಲ್ಲಿಂದ ದೊಡ್ಡ ರಸ್ತೆ ಕಾಣುತ್ತದೆ. ಭಾವ ರಸ್ತೆಯ ಅಂಚಿನಲ್ಲಿ ಸೈಕಲ್ ನಿಲ್ಲಿಸಿ ಬಗ್ಗಿದರು. ಕೆಂಪು ಆರಿತು. ಬಿಳಿ ಆರಿತು. ಆಮೇಲೆ ಅವರು ಕತ್ತಲೆಯೊಳಗೆ ಹೋದದ್ದು ನನಗೂ ಕಾಣಲಿಲ್ಲ.

ನಾಲ್ಕನೆಯ ದಿನ

ನನಗೆ ಸಿಟ್ಟು ಬರುವುದು ಅಪರೂಪ. ಆ ರಾತ್ರಿ ಬಂತು, ಬೆಳಗ್ಗೆಯವರೆಗೂ ಇಳಿಯಲಿಲ್ಲ. ಭಾವ ಚಹಾ ತಂದಿಟ್ಟಾಗ ಕೇಳಿಯೇಬಿಟ್ಟೆ.

"ನಾಚಿಕೆಯಾ ಭಾವ ನಿಮಗೆ? ನಾಲ್ಕು ಜನ ನಗಾಡ್ತಾರೆ ಅಂತ ಜೀವ ಬಿಡ್ತೀರಾ? ಅಲ್ಲಿ ಅಕ್ಕ ಒಂದು ಹೊತ್ತು ಸರಿಯಾಗಿ ಉಣ್ಣುವುದಿಲ್ಲ. ನೀವು ಇಲ್ಲಿ ವಯರು ಕಿತ್ತು ಕತ್ತಲೆಯಲ್ಲಿ ಹೋಗ್ತೀರಿ!"

ಅವರು ಬಾಗಿಲು ಹಾಕಿ ಬಂದರು.

"ನನ್ನನ್ನು ಯಾರೂ ಕಾಣಬಾರದು ಸಂಜೀವ. ಅದಕ್ಕೆ ದೀಪ ಇಲ್ಲ."

ಆಮೇಲೆ ಎಲ್ಲ ಹೇಳಿದರು. ಹಸನಬ್ಬ ಎಂದು ಒಬ್ಬ. ನಮ್ಮ ವಿಟ್ಲದವನು. ಕಟ್ಟಡ ಕೆಲಸಕ್ಕೆಂದು ಬಂದವನಿಗೆ ಕಾಮಾಲೆ ಹಿಡಿಯಿತು. ಕಂತ್ರಾಟುದಾರ ರಜೆ ಕೊಡಲಿಲ್ಲ, ಪಾಸ್‌ಪೋರ್ಟನ್ನೂ ತನ್ನ ಕಪಾಟಿನಲ್ಲಿಟ್ಟುಕೊಂಡ. ಒಂದು ದಿನ ಹಸನಬ್ಬ ತಲೆತಿರುಗಿ ಬಿದ್ದು, ಎದ್ದು, ಅಲ್ಲಿಂದ ಓಡಿಬಂದ. ಕಂತ್ರಾಟುದಾರ ಪೊಲೀಸಿಗೆ ದೂರು ಕೊಟ್ಟ. ಈಗ ಹಸನಬ್ಬ ಊರ ಹೊರಗಿನ ಒಂದು ಖರ್ಜೂರದ ತೋಟದಲ್ಲಿ, ಪಂಪಿನ ಕೋಣೆಯೊಳಗೆ ನಾಲ್ಕು ತಿಂಗಳಿಂದ ಅಡಗಿದ್ದಾನೆ. ತೋಟ ಕಾಯುವ ಅಜ್ಜ ಕಂಡೂ ಕಾಣದ ಹಾಗೆ ಇದ್ದಾನೆ. ಊರಿಗೆ ಹೋಗಲು ಬೇರೆ ಕಾಗದ ಆಗಬೇಕು, ಅದಕ್ಕೆ ಮೆಸ್ಸಿನ ಯಜಮಾನರು ಓಡಾಡುತ್ತಿದ್ದಾರೆ. ಅದು ಆಗುವ ಮೊದಲು ಸಿಕ್ಕಿಬಿದ್ದರೆ ಜೈಲು. ಎಣ್ಣೆ ಹಾಕಿದ್ದು ತಿಂದರೆ ವಾಂತಿ ಮಾಡುವ ಅವನಿಗೆ ಭಾವ ದಿನಾ ಸಂಜೆ ಕುಚ್ಚಲಕ್ಕಿ ಗಂಜಿ ಒಯ್ಯುತ್ತಿದ್ದರು. ಕೈ ಮುರಿದದ್ದೂ ಆ ದಾರಿಯಲ್ಲೇ.

"ನಾನು ಊರಿಗೆ ಬಂದ್ರೆ ಅವನಿಗೆ ಗಂಜಿ ಯಾರು ಕೊಡುವುದು?" ಎಂದು ಕೇಳಿದರು ಭಾವ.

ಅಕ್ಕನ ಮೇಲೆ ಆಣೆ, ಆ ಕ್ಷಣ ನನಗೆ ಊರಿಗೆ ಓಡಿಹೋಗಬೇಕೆನಿಸಿತು. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಮುಖ ಕಾಣದ ಒಬ್ಬ ಹಸನಬ್ಬ, ನಡುವೆ ಸೈಕಲ್ ರಿಪೇರಿ ಬಿಟ್ಟು ಬೇರೇನೂ ಗೊತ್ತಿಲ್ಲದ ನಾನು. ಮಧ್ಯಾಹ್ನದವರೆಗೂ ಮಂಚದಲ್ಲಿ ಬಿದ್ದುಕೊಂಡೆ. ಆಮೇಲೆ ಎದ್ದು ಅಡುಗೆ ಕೋಣೆಗೆ ಹೋದೆ.

"ಭಾವ, ಕದ್ದು ಹೋಗುವವ ದೀಪ ಹಾಕ್ಕೊಂಡು ಹೋಗ್ತಾನಾ?"

"ಇಲ್ಲ. ಅದನ್ನೇ ಹೇಳಿದ್ದು ನಾನು."

"ಪೊಲೀಸಿನವನಿಗೂ ಅಷ್ಟೇ ಅಲ್ವಾ ಗೊತ್ತಿರುವುದು? ಕತ್ತಲೆಯಲ್ಲಿ ನೀಲಿ ಅಂಗಿ ಹಾಕಿ ಹೋಗುವವನನ್ನು ಅವ ಹಿಡೀತಾನೆ. ಹೀಗೆ ಝಗಝಗ ಅಂತ ಹೋಗುವವನನ್ನು ಕಂಡ್ರೆ ಮರುಳು ಅಂತ ಬಿಡ್ತಾನೆ. ನಾಳೆ ನಾನೂ ಬರ್ತೇನೆ. ಸಿಕ್ಕಿದ್ರೆ ಇಬ್ಬರೂ ಸಿಕ್ಕುವ."

ಭಾವ ಸೌಟು ಹಿಡಿದು ನನ್ನನ್ನೇ ನೋಡಿದರು. "ನಿನಗೆ ಈ ತಲೆ ಎಲ್ಲಿಂದ ಬಂತು?" ಎಂದರು. ಒಪ್ಪಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೆ ಮರುದಿನ ಸಂಜೆ ನೀಲಿ ಅಂಗಿ ಬಿಟ್ಟು ಬಿಳಿ ಅಂಗಿ ತೊಟ್ಟರು.

ದೊಡ್ಡ ರಸ್ತೆ

ಮೆಸ್ಸಿನ ಇನ್ನೊಬ್ಬರ ಸೈಕಲ್ ಕೇಳಿ ಅದಕ್ಕೂ ಉಳಿದ ಬಲ್ಬು ಕಟ್ಟಿದ್ದೆ. ಭಾವ ಮುಂದೆ, ನಾನು ಹಿಂದೆ. ಕಾರುಗಳು ನಮ್ಮನ್ನು ಕಂಡು ದೂರದಿಂದಲೇ ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ಕೆಲವರು ಗಾಜು ಇಳಿಸಿ ಕೈ ಬೀಸಿದರು. ನನಗೆ ಕೈ ಬೀಸುವಷ್ಟು ಧೈರ್ಯ ಇರಲಿಲ್ಲ, ಹ್ಯಾಂಡಲ್ ಬಿಟ್ಟರೆ ಎಡಕ್ಕೆ ಎಳೆಯುತ್ತದೋ ಬಲಕ್ಕೋ ಎಂಬ ಹೆದರಿಕೆ.

ಅರ್ಧ ದಾರಿಯಲ್ಲಿ ಹಿಂದಿನಿಂದ ಒಂದು ಜೀಪು ಬಂದು ನಮ್ಮ ಮುಂದೆ ನಿಂತಿತು. ಪೊಲೀಸು.

ಮರುಳು ಅಂತ ಬಿಡ್ತಾನೆ ಎಂದು ಹೇಳಿದವನು ನಾನೇ ಅಲ್ಲವೇ. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಇಳಿದು ಬಂದ ಪೊಲೀಸಿನವನು ಎತ್ತರದ ಆಳು, ಹಿಂದಿ ಬರುತ್ತಿತ್ತು. ಎರಡೂ ಸೈಕಲಿಗೆ ಒಂದು ಸುತ್ತು ಬಂದ. ಯಾರು ಮಾಡಿದ್ದು ಎಂದು ಕೇಳಿದ. ಭಾವ ನನ್ನ ಕಡೆ ಕೈ ತೋರಿಸಿದರು.

"ತಪ್ಪು" ಎಂದ ಅವನು. "ಕೆಂಪು ಹಿಂದೆ ಇರಬೇಕು. ಬಿಳಿ ಮುಂದೆ. ನೀನು ನನ್ನ ಕಡೆಗೆ ಬರುತ್ತಿದ್ದೀ ಅಂತ ನಾನು ತಿಳಿದುಕೊಂಡೆ. ನೀನು ನೋಡಿದರೆ ಮುಂದೆ ಹೋಗುತ್ತಿದ್ದೀ. ಸಾಯುತ್ತಿದ್ದೆಯಲ್ಲ!"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಪ್ಪತ್ತು ವರ್ಷದ ಸೈಕಲ್ ಅಂಗಡಿಯವನು ನಾನು. ಮಡ್‌ಗಾರ್ಡಿನ ಹಿಂದೆ ಕೆಂಪು ಗಾಜು ಕೂರಿಸುವವನೂ ನಾನೇ. ಅಲಂಕಾರ ಎಂದ ಕೂಡಲೇ ಮುಂದೆ ಕುಂಕುಮ ಎಂದು ಕೈ ತಾನಾಗಿ ಹೋಗಿತ್ತು. ಭಾವನನ್ನು ಉಳಿಸಲು ಕಟ್ಟಿದ ದೀಪದಿಂದ ಭಾವನನ್ನೇ ಕೊಲ್ಲುತ್ತಿದ್ದೆ.

ಇಲ್ಲೇ ಬದಲಾಯಿಸು ಎಂದ ಪೊಲೀಸಿನವನು. ನಾನು ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬಲ್ಬು ಬಿಚ್ಚಿ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಕಟ್ಟತೊಡಗಿದೆ. ಅವನು ತನ್ನ ಟಾರ್ಚು ತಂದು ನನ್ನ ಕೈಯ ಮೇಲೆ ಬೆಳಕು ಹಿಡಿದು ನಿಂತ. ಅರ್ಧ ಗಂಟೆ ಹಾಗೆಯೇ ನಿಂತ.

ನಡುವೆ ಅವನ ಕಣ್ಣು ಟಿಫಿನ್ನಿನ ಮೇಲೆ ಬಿತ್ತು. ಏನಿದೆ ಎಂದು ಕೇಳಿದ. ಭಾವ ಮುಚ್ಚಳ ತೆಗೆದು ತೋರಿಸಿದರು. ಅನ್ನ ಮತ್ತು ನೀರು. ಇದನ್ನು ಯಾರು ತಿನ್ನುತ್ತಾರೆ ಎಂದ.

"ಹುಷಾರಿಲ್ಲದವರು" ಎಂದರು ಭಾವ. ಅವರ ಬಾಯಿಂದ ಸುಳ್ಳು ಬರುವುದಿಲ್ಲ, ಅದೇ ಅವರ ಕಷ್ಟ.

ಪೊಲೀಸಿನವನು ಭಾವನನ್ನು ನೋಡಿದ, ತೋಟಗಳ ಕಡೆ ತಿರುಗುವ ಕತ್ತಲೆ ದಾರಿಯನ್ನು ನೋಡಿದ. ಅವನು ತಾನೇ ಟಿಫಿನ್ನಿನ ಮುಚ್ಚಳ ಹಾಕಿದ. "ತಣ್ಣಗಾಗುತ್ತದೆ, ಬೇಗ ಹೋಗಿ" ಎಂದು ಹೇಳಿ ಜೀಪು ಹತ್ತಿದ. ಅವನಿಗೆ ಗೊತ್ತಾಯಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಖರ್ಜೂರದ ತೋಟ

ಭಾವ ದಿನಾ ಕತ್ತಲೆಯಲ್ಲಿ ಬಂದು ಪಂಪಿನ ಕೋಣೆಯ ಬಾಗಿಲು ಮೂರು ಸಲ ತಟ್ಟುತ್ತಿದ್ದರಂತೆ. ತಟ್ಟುವವರೆಗೆ ಬಂದದ್ದು ಗಂಜಿಯೋ ಪೊಲೀಸೋ ಎಂದು ತಿಳಿಯದೆ ಹಸನಬ್ಬ ಪೈಪುಗಳ ಹಿಂದೆ ಮುದುಡಿ ಕೂತಿರುತ್ತಿದ್ದನಂತೆ. ಆ ದಿನ ನಾವು ತೋಟದ ದಾರಿಗೆ ತಿರುಗಿದಾಗ ಬಾಗಿಲು ತೆರೆದಿತ್ತು. ಒಬ್ಬ ಸಪೂರದ ಮನುಷ್ಯ ಹೊರಗೆ, ದಾರಿಯ ನಡುವೆಯೇ ನಿಂತಿದ್ದ.

"ಹೊರಗೆ ಯಾಕೆ ಬಂದದ್ದು ಹಸನಬ್ಬ?" ಎಂದು ಭಾವ ತುಳುವಿನಲ್ಲಿ ಗದರಿದರು.

"ಬಣ್ಣದ ದೀಪ ಹಾಕ್ಕೊಂಡು ಯಾವ ಪೊಲೀಸು ಬರ್ತಾನೆ ಆನಂದಣ್ಣ? ದೂರದಿಂದಲೇ ಗೊತ್ತಾಯ್ತು, ಇದು ನಮ್ಮ ಊರಿನವರದ್ದೇ ಕೆಲಸ ಅಂತ" ಎಂದು ಹೇಳಿ ಹಸನಬ್ಬ ಸೈಕಲಿನ ಚಕ್ರವನ್ನು ಕೈಯಲ್ಲಿ ಒಮ್ಮೆ ತಿರುಗಿಸಿದ. ಆಮೇಲೆ, "ಇವತ್ತು ಒಂದು ದಿನ ಹೊರಗೆ ಕೂತು ಉಣ್ಣಲಾ?" ಎಂದು ಕೇಳಿದ.

ಮೂವರೂ ನೀರಿನ ತೊಟ್ಟಿಯ ಕಟ್ಟೆಯಲ್ಲಿ ಕೂತೆವು. ಗಂಜಿ ಆರಿ ತಣ್ಣಗಾಗಿತ್ತು. ಅವನು ತಲೆ ಎತ್ತದೆ ಉಂಡ. ಮಾತು ಆಡಿದ್ದು ಕೊನೆಗೆ, ನನ್ನ ಕೈ ಹಿಡಿದು. "ಸಂಜೀವಣ್ಣ, ಊರಿನಲ್ಲಿ ಯಾರ ಹತ್ರವೂ ಹೇಳ್ಬೇಡಿ. ನನ್ನನ್ನು ಕಳಿಸಿದ ಏಜೆಂಟು ನಮ್ಮ ಕಡೆಯವನೇ. ಅವನ ಕಿವಿಗೆ ಬಿದ್ರೆ ನಾಳೆಯೇ ಇಲ್ಲಿಗೆ ಫೋನು ಬರ್ತದೆ. ನಿಮ್ಮ ಅಕ್ಕನ ಹತ್ರವೂ ಬೇಡ." ಇಲ್ಲ ಎಂದು ಮಾತು ಕೊಟ್ಟೆ.

ವಾಪಸು ಬರುವಾಗ ಭಾವ ಸೈಕಲ್ ಇಳಿದು ನನ್ನ ಜೊತೆ ನಡೆದರು. "ಲಲಿತನ ಹತ್ರ ಎಂತ ಹೇಳ್ತಿ?" ಎಂದು ಕೇಳಿದರು.

"ಬೈಸ್ಕೊಳ್ತೇನೆ" ಎಂದೆ.

ಬೆಳುವಾಯಿ

ಅಕ್ಕ ಬಸ್ ನಿಲ್ಲುವಲ್ಲೇ ಕಾಯುತ್ತಿದ್ದಳು. ನಾನು ಇಳಿದೆ. ನನ್ನ ಹಿಂದೆ ಇನ್ನೊಬ್ಬರು ಇಳಿಯುತ್ತಾರೆಂದು ಬಸ್ಸು ಹೊರಡುವವರೆಗೂ ಅದರ ಬಾಗಿಲನ್ನೇ ನೋಡಿದಳು.

"ಎಲ್ಲಿ ಅವರು?"

"ರಜೆ ಸಿಕ್ಕಲಿಲ್ಲ ಅಕ್ಕ."

"ಮತ್ತೆ ನೀನು ಅಲ್ಲಿ ಹದಿನಾರು ದಿನ ಮಾಡಿದ್ದೆಂತ?"

"ಸೈಕಲಿಗೆ ಲೈಟ್ ಹಾಕಿ ಬಂದೆ."

ಆಗ ಅವಳು ಬೈದದ್ದನ್ನು ಬರೆಯುವುದಿಲ್ಲ. ಅಂಗಡಿಗಳಿಂದ ಜನ ಹೊರಗೆ ಬಂದು ನೋಡುತ್ತಿದ್ದರು. ಮನುಷ್ಯನನ್ನು ಕರೆದುಕೊಂಡು ಬಾ ಎಂದರೆ ಚಕ್ರಕ್ಕೆ ದೀಪ ಕಟ್ಟಿ ಬಂದವನು ತಮ್ಮನೇ ಅಲ್ಲ ಎಂದಳು. ನಿಜ ಹೇಳಿದ್ದರೆ ಅರೆಗಳಿಗೆಯಲ್ಲಿ ಮುಗಿಯುತ್ತಿತ್ತು. ಪ್ರಯಾಣದಲ್ಲಿ ಬಾತ ಪಾದದ ಮೇಲೆ ನಿಂತು, ತಲೆ ತಗ್ಗಿಸಿ, ಪೂರ್ತಿ ಕೇಳಿದೆ. ಬಹರೈನಿಗೆ ಹೋಗಿ ಬಂದ ದಣಿವು ಅದರ ಮುಂದೆ ಏನೂ ಅಲ್ಲ. ಹನ್ನೊಂದು ತಿಂಗಳು ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ. ಹಬ್ಬಕ್ಕೂ ಕರೆಯಲಿಲ್ಲ.

ಮುಂದಿನ ವರ್ಷ ಹಸನಬ್ಬನ ಕಾಗದ ಆಯಿತು. ಅವನೂ ಭಾವನೂ ಒಂದೇ ವಿಮಾನದಲ್ಲಿ ಬಂದರು. ಹಸನಬ್ಬ ಮೊದಲು ವಿಟ್ಲದ ಮನೆಗೆ ಹೋಗಿ, ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬೆಳುವಾಯಿಗೆ ಬಂದು, ಅಕ್ಕನ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದನಂತೆ.

ಆ ಮಧ್ಯಾಹ್ನ ನಾನು ಒಂದು ಟ್ಯೂಬು ನೀರಿಗೆ ಅದ್ದಿ ತೂತು ಹುಡುಕುತ್ತಿದ್ದೆ. ಬಾಗಿಲಲ್ಲಿ ಅಕ್ಕ. ಬಸ್ಸಿಗೂ ಕಾಯದೆ ಬೆಳುವಾಯಿಯಿಂದ ನಡೆದೇ ಬಂದಿದ್ದಳು. ಮುಖವೆಲ್ಲ ಬೆವರು, ಕಾಲೆಲ್ಲ ಕೆಂಪು ಧೂಳು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು.

"ಆ ದಿನ ಅಷ್ಟು ಜನರ ಎದುರು ಅಷ್ಟು ಬೈದೆನಲ್ಲ ನಾನು" ಎಂದಳು. "ಬಾಯಿ ಇರಲಿಲ್ಲವಾ ನಿನಗೆ? ಪಾಪಿ, ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ಲವಾ?"

ಹಾಗೆ ಶುರುಮಾಡಿ, ಅಳುತ್ತಾ, ಮೊದಲಿಗಿಂತ ಜೋರಾಗಿ ಇನ್ನೊಮ್ಮೆ ಬೈದಳು.